ಮಾತು ಕಮ್ಮಿ ಇರುವ ಮಕ್ಕಳ ಮೊದಲ ವರ್ಷ

ಕೇಳುಗರೆಲ್ಲರಿಗೂ ನಮಸ್ಕಾರ.

ಪಿಯುಸಿ ಮುಗಿಸಿ ಹುಣಸೂರು, ಕೆ.ಆರ್. ನಗರ, ಕೊಳ್ಳೇಗಾಲದ ಕಡೆಯಿಂದ ಡಿಗ್ರಿಗೆ ಅಂತ ಮೈಸೂರಿಗೆ ಬರುವ ಮಕ್ಕಳಲ್ಲಿ ಮಾತು ಕಮ್ಮಿ ಇರುವವರು ಬಹಳ ಜನ. ಇವತ್ತು ಅವರ ಜೊತೆಗೇ ಮಾತಾಡೋಣ ಅಂತ ಬಂದಿದ್ದೇನೆ. ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮೊದಲ ಸೆಮಿಸ್ಟರ್‌ನಲ್ಲಿ ಹಿಂದಿನ ಬೆಂಚು, ಗೋಡೆ ಪಕ್ಕದ ಜಾಗ ಹುಡುಕಿಕೊಂಡು ಕೂರುವ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಇವರಿಗೆ ಮನೆಯವರು, ನೆಂಟರು, ಮೇಷ್ಟ್ರುಗಳು ಎಲ್ಲರೂ ಹೇಳುವುದು ಒಂದೇ ಮಾತು: ‘ಸ್ವಲ್ಪ ಎಲ್ಲರ ಜೊತೆ ಬೆರೀಬೇಕಪ್ಪ.’ ಹೇಗೆ ಬೆರೆಯಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಮೊದಲು ಒಂದು ವಿಷಯ. ನಿಮಗೆ ಇರುವುದು ನಿಜವಾಗಿ ಸಂಕೋಚವಾ, ಇಲ್ಲ ಇಂಗ್ಲಿಷ್ ಭಯವಾ? ಇವೆರಡೂ ಬೇರೆ. ಮೊದಲ ದಿನ ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಪರಿಚಯ ಹೇಳಿಸುವ ಪದ್ಧತಿ ಇದೆಯಲ್ಲ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದ ಹುಡುಗಿ ಅಲ್ಲಿ ಎದ್ದು ನಿಂತು ತನ್ನ ಹೆಸರು ಹೇಳುವಷ್ಟರಲ್ಲಿ ಬೆವತು ಹೋಗುತ್ತಾಳೆ, ಆದರೆ ಅದೇ ಹುಡುಗಿ ರಾತ್ರಿ ಬಿಸಿಎಂ ಹಾಸ್ಟೆಲ್ಲಿನಲ್ಲಿ ವಾರ್ಡನ್ ಬಂದು ಲೈಟ್ ಆರಿಸುವವರೆಗೂ ಹರಟುತ್ತಾ ಕೂತಿರುತ್ತಾಳೆ. ಇದು ಸಂಕೋಚ ಹೇಗಾಗುತ್ತದೆ? ನಿಮ್ಮ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ. ಇದು ಕುವೆಂಪು 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಮೈಸೂರು ವಿಶ್ವವಿದ್ಯಾಲಯ. ಕನ್ನಡದಲ್ಲೂ ಉನ್ನತ ಶಿಕ್ಷಣ ಸಿಗಬೇಕು ಅಂತ ಅವರು ಹಟ ಹಿಡಿದು ದುಡಿದರು. ಇಲ್ಲಿ ಕನ್ನಡದಲ್ಲಿ ಕೈ ಎತ್ತಿದರೆ ಯಾರೂ ಚಿಕ್ಕವರಾಗುವುದಿಲ್ಲ.

ಇನ್ನು ನಿಜವಾದ ಸಂಕೋಚದವರು. ಸಂಕೋಚ ಕಾಯಿಲೆಯಲ್ಲ, ಅದನ್ನು ವಾಸಿ ಮಾಡಬೇಕಾಗಿಯೂ ಇಲ್ಲ. ಆದರೆ ಅದರಿಂದ ನಷ್ಟವಾಗುವ ಜಾಗಗಳು ಇವೆ, ಅಲ್ಲಿ ಮಾತ್ರ ಬಾಯಿ ಬಿಡಲೇಬೇಕು. ಹಾಜರಿ ಕರೆಯುವಾಗ ಒಬ್ಬ ಹುಡುಗ ‘ಎಸ್ ಮೇಡಂ’ ಅಂದಿದ್ದು ಪಕ್ಕದವನಿಗೂ ಕೇಳಿಸಲಿಲ್ಲ. ಆಬ್ಸೆಂಟ್ ಬಿತ್ತು. ಕ್ಲಾಸ್ ಮುಗಿದ ಮೇಲೆ ಬಾಗಿಲವರೆಗೆ ಬಂದ, ನನ್ನ ಸುತ್ತ ನಾಲ್ಕು ಜನ ನಿಂತಿದ್ದರು, ಬ್ಯಾಗಿನ ಜಿಪ್ಪನ್ನು ಎರಡು ಸಲ ಎಳೆದು ಮುಚ್ಚಿ ಹಾಗೇ ಹೊರಟುಹೋದ. ಅವನ ಪಕ್ಕದವನು ಬಂದು ಹೇಳಿದ್ದರಿಂದ ಸರಿಹೋಯಿತು. ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ಎಲ್ಲರ ಮುಂದೆ ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಹೆಸರು, ರೋಲ್ ನಂಬರ್, ತಾರೀಕು ಬರೆದು ಟೇಬಲ್ ಮೇಲೆ ಇಟ್ಟು ಹೋಗಿ. ಇಂಟರ್ನಲ್ಸ್ ಅಂಕ, ಸ್ಕಾಲರ್‌ಶಿಪ್ ಅರ್ಜಿ, ಇವಕ್ಕೂ ಅಷ್ಟೇ. ಬಿಡಬೇಡಿ.

ಗೆಳೆಯರ ವಿಷಯಕ್ಕೆ ಬಂದರೆ, ‘ಅವರಿಗೆ ನಾನು ಇಷ್ಟವಾಗಿಲ್ಲ’ ಅನ್ನುವ ಅನುಮಾನವೇ ಜಾಸ್ತಿ ಕಾಡುವುದು, ಅಲ್ವಾ? ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, 2018ರಲ್ಲಿ ಪ್ರಕಟವಾಯಿತು. ಪರಿಚಯವಿಲ್ಲದ ಇಬ್ಬರನ್ನು ಮಾತಾಡಲು ಬಿಟ್ಟು, ಆಮೇಲೆ ಬೇರೆ ಬೇರೆಯಾಗಿ ಕೇಳಿದರು: ನಿನಗೆ ಅವರು ಎಷ್ಟು ಇಷ್ಟವಾದರು, ಅವರಿಗೆ ನೀನು ಎಷ್ಟು ಇಷ್ಟವಾಗಿರಬಹುದು? ಎದುರಿನವರಿಗೆ ತಾವು ಇಷ್ಟವಾಗಿದ್ದನ್ನು ಜನ ಕಮ್ಮಿ ಅಂದಾಜು ಮಾಡಿದ್ದರು. ಯೇಲ್ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಒಟ್ಟಿಗಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಹಾಗೇ ಉಳಿದಿತ್ತು. ಅಂದರೆ ನಿಮ್ಮ ರೂಮಿನ ಹುಡುಗ ಸುಮ್ಮನಿದ್ದರೆ, ಅವನೂ ನಿಮ್ಮ ಬಗ್ಗೆ ಇದನ್ನೇ ಯೋಚಿಸುತ್ತಾ ಕೂತಿರಬಹುದು.

ನಾನು ಕಂಡಂತೆ, ಮಾತು ಕಮ್ಮಿ ಇರುವವರಿಗೆ ಪಾರ್ಟಿ, ಫ್ರೆಶರ್ಸ್ ಡೇ ಇವೆಲ್ಲ ಆಗಿಬರುವುದಿಲ್ಲ. ಕೈಗೆ ಕೆಲಸ ಇರುವ ಜಾಗ ಬೇಕು. ಎನ್‌ಎಸ್‌ಎಸ್‌ಗೆ ಸೇರಿ. 1969ರಿಂದ ನಡೆಯುತ್ತಿರುವ ರಾಷ್ಟ್ರೀಯ ಸೇವಾ ಯೋಜನೆ ಅದು, ವರ್ಷಕ್ಕೆ 120 ಗಂಟೆ ಕೆಲಸ, ಜೊತೆಗೆ ಯಾವುದಾದರೂ ಹಳ್ಳಿಯಲ್ಲಿ 7 ದಿನದ ಶಿಬಿರ. ಶಿಬಿರದಲ್ಲಿ ಬೆಳಗ್ಗೆ ಅಡುಗೆ ಸರದಿ ಬಂದವರು ಈರುಳ್ಳಿ ರಾಶಿ ಮುಂದೆ ಈಳಿಗೆಮಣೆ, ಚಾಕು ಹಿಡಿದು ಕೂರುತ್ತಾರೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕಣ್ಣೀರು ಸುರಿಸಿಕೊಂಡು ಹೆಚ್ಚುತ್ತಾ ಇರುವಾಗ ‘ನಿಮ್ಮೂರಲ್ಲಿ ಮಳೆ ಆಯ್ತಾ?’ ಅಂತ ಯಾರೋ ಕೇಳುತ್ತಾರೆ, ಅಲ್ಲಿಂದ ಮಾತು ಶುರುವಾಗುತ್ತದೆ. ವರ್ಷವಿಡೀ ಬಾಯಿ ಬಿಡದವರು ಶಿಬಿರದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದುಕೊಂಡು ಕೂಗಿ ಕರೆಯುವುದನ್ನು ನೋಡಿದ್ದೇನೆ. ಶಿಬಿರ ಆಗಲ್ಲ ಅನ್ನುವವರು ‘ನೋಟ್ಸ್ ಕೊಡ್ತೀಯಾ, ಜೆರಾಕ್ಸ್ ಮಾಡಿಸ್ಕೊಂಡು ಕೊಡ್ತೀನಿ’ ಅಂತ ಕೇಳಿ ನೋಡಿ. ವಾಪಸ್ ಕೊಡಲು ಹೋದಾಗ ಎರಡನೇ ಸಲ ಮಾತಾಡಲು ಕಾರಣ ತಾನಾಗಿ ಸಿಗುತ್ತದೆ.

ಆದರೆ ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಬೆಳಗಾದರೆ ಎದೆ ಹೊಡೆದುಕೊಳ್ಳುತ್ತದೆ ಅಂದರೆ ಅದು ಬರೀ ಸಂಕೋಚ ಅಂತ ತಳ್ಳಿಹಾಕಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸೀನಿಯರ್‌ಗಳು ಕಾಟ ಕೊಡುತ್ತಿದ್ದರೆ ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ 1800-180-5522. ಬರೆದಿಟ್ಟುಕೊಳ್ಳಿ.

ಕೊನೆಗೆ, ಮನೆಯಲ್ಲಿ ಕೇಳುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ರಾತ್ರಿ ಫೋನ್ ಮಾಡಿದಾಗಲೆಲ್ಲ ‘ಫ್ರೆಂಡ್ಸ್ ಆದ್ರಾ?’ ಅಂತ ಕೇಳಬೇಡಿ. ಇಲ್ಲ ಅನ್ನಲು ಮಗುವಿಗೆ ಹಿಂಸೆಯಾಗುತ್ತದೆ, ಹೂಂ ಅಂತ ಸುಳ್ಳು ಹೇಳಲೂ ಹಿಂಸೆ. ಮೆಸ್ಸಿನಲ್ಲಿ ಇವತ್ತು ಏನು ಸಾರು ಅಂತ ಕೇಳಿ, ಪಕ್ಕದ ಮಂಚದ ಹುಡುಗಿಯದು ಯಾವ ಊರು ಅಂತ ಕೇಳಿ. ಊರು ಗೊತ್ತಿಲ್ಲದಿದ್ದರೆ ನಾಳೆ ಕೇಳಿಕೊಂಡು ಬಂದು ಹೇಳುತ್ತಾಳೆ.

ನಮಸ್ಕಾರ.