ಹಳೆಯ ಚೆಸ್ ಒಗಟುಗಳ ಹೊಸ ಮುದ್ರಣ

ಕೇಳುಗರಿಗೆ ನಮಸ್ಕಾರ.

ಕಾಯಿಗಳ ನಡೆ ಕಲಿತು ಕೆಲವು ಆಟ ಸೋತ ಮೇಲೆ ಚೆಸ್ ಆಟಗಾರ ಕೈಗೆತ್ತಿಕೊಳ್ಳಬೇಕಾದದ್ದು ಒಗಟುಗಳ ಪುಸ್ತಕವನ್ನೇ ಎಂಬುದು ನನ್ನ ಗಟ್ಟಿ ನಂಬಿಕೆ. ಅಮೆರಿಕದ ಫ್ರೆಡ್ ರೈನ್‌ಫೆಲ್ಡ್ 1955ರಲ್ಲಿ ಅಂಥ ಎರಡು ಪುಸ್ತಕ ಕೊಟ್ಟರು. ಒಂದರಲ್ಲಿ ಕಾಯಿ ಬಲಿಕೊಟ್ಟು ಗೆಲ್ಲುವ ದಾರಿಗಳು, ಇನ್ನೊಂದರಲ್ಲಿ ಬರೀ ಚೆಕ್‌ಮೇಟ್. ಒಂದೊಂದರಲ್ಲೂ 1001 ಒಗಟು.

ಒಂದು ಪ್ರಸಿದ್ಧ ಮೇಟ್ ನೋಡಿ. ಮನೆಯ ಹೆಸರಿನಲ್ಲಿ ಅಕ್ಷರ ಬಿಳಿಯ ಎಡದಿಂದ ಎಣಿಸಿದ ಅಂಕಣ, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಸಾಲು. ಕಪ್ಪು ರಾಜ ಎಚ್8 ಮೂಲೆಯಲ್ಲಿ, ಅವನ ಮುಂದೆ ಜಿ7, ಎಚ್7ರಲ್ಲಿ ಎರಡು ಕಾಲಾಳು, ಎಫ್8ರಲ್ಲಿ ಆನೆ. ಬಿಳಿಯ ಕುದುರೆ ಎಚ್6ರಲ್ಲಿದೆ. ಬಿಳಿ ಮಂತ್ರಿ ನೇರ ಜಿ8ಕ್ಕೆ ನುಗ್ಗಿ ಚೆಕ್ ಕೊಡುತ್ತದೆ! ಕುದುರೆಯ ಕಾವಲಿರುವುದರಿಂದ ರಾಜ ಅದನ್ನು ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಹೊಡೆದ ಕೂಡಲೇ ಕುದುರೆ ಎಫ್7ಕ್ಕೆ ನೆಗೆಯುತ್ತದೆ, ಆಟ ಮುಗಿಯಿತು. ರಾಜನಿಗೆ ಅಲುಗಾಡಲೂ ಜಾಗವಿಲ್ಲ, ಸುತ್ತ ನಿಂತವರೆಲ್ಲ ಅವನದೇ ಕಡೆಯವರು.

ಹಳೆಯ ಬರವಣಿಗೆಯಲ್ಲಿ ಅಂಕಣಕ್ಕೆ ಆಟದ ಆರಂಭದಲ್ಲಿ ಅಲ್ಲಿ ನಿಲ್ಲುವ ಕಾಯಿಯದೇ ಹೆಸರು. ಈ ಜಿ8 ಮನೆಯನ್ನು ಅದು ಬಿಳಿಯ ಕಡೆಯಿಂದ ಎಣಿಸಿ ರಾಜನ ಕುದುರೆಯ 8 ಎನ್ನುತ್ತದೆ, ಕಪ್ಪಿನ ಕಡೆಯಿಂದಾದರೆ ರಾಜನ ಕುದುರೆಯ 1. ಇಂದಿನ ಮಕ್ಕಳು ಕಲಿಯುವುದು ಎ, ಬಿ, ಸಿ ಅಂಕಣಗಳ ಲೆಕ್ಕ. ಅವರು ಹಳೆಯ ಪ್ರತಿ ತೆರೆದರೆ ಒಗಟಿಗಿಂತ ಉತ್ತರ ಓದುವುದೇ ಕಷ್ಟ. 2014ರಲ್ಲಿ ಈ ಎರಡೂ ಪುಸ್ತಕಗಳು ಇಂದಿನ ಲೆಕ್ಕಕ್ಕೆ ಬದಲಾಗಿ ಮತ್ತೆ ಅಚ್ಚಾದವು. ಹೀಗಾಗಿ ಆ ತೊಡಕು ತಪ್ಪಿತು, ನನಗಂತೂ ತುಂಬ ಸಂತೋಷವಾಯಿತು.

ಇನ್ನೊಂದು ಕೆಲಸವೂ ಇಂಥ ಮರುಮುದ್ರಣದಲ್ಲಿ ಆಗಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಿದ್ಧಪಡಿಸಿದ ಒಗಟುಗಳಲ್ಲಿ ಕೆಲವೊಮ್ಮೆ ಎದುರಾಳಿಗೆ ಉಳಿದ ಒಂದು ರಕ್ಷಣೆ ಕಣ್ತಪ್ಪಿರುತ್ತದೆ, ಅಥವಾ ಗೆಲ್ಲಲು ಎರಡನೆಯ ದಾರಿಯೂ ಇರುತ್ತದೆ. ಅಂಥದ್ದನ್ನು ಸದ್ದಿಲ್ಲದೆ ಕಿತ್ತುಹಾಕುವ ಬದಲು, ಲೋಪ ಎಲ್ಲಿದೆ ಎಂದು ಪಕ್ಕದಲ್ಲೇ ಬರೆದರೆ ಲೇಸು. ಕಲಿಯುವವರಿಗೆ ಆ ಟಿಪ್ಪಣಿಯೇ ಒಂದು ಪಾಠ.

ಕೊಳ್ಳುವವರಿಗೆ ಒಂದು ಮಾತು. ರೈನ್‌ಫೆಲ್ಡ್ ಬಲಿದಾನದ ಒಗಟುಗಳನ್ನು ತಂತ್ರದ ಪ್ರಕಾರ ಅಧ್ಯಾಯ ಮಾಡಿದ್ದಾರೆ: ಪಿನ್ (ಹಿಂದಿನ ಕಾಯಿಗೆ ಅಪಾಯವಾಗುವುದರಿಂದ ಮುಂದಿನದು ಕದಲಲಾಗದ ಸ್ಥಿತಿ), ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ಒಟ್ಟಿಗೆ ದಾಳಿ ಮಾಡುವುದು), ಹೀಗೆ. ಶೀರ್ಷಿಕೆಯೇ ಅರ್ಧ ಉತ್ತರ ಹೇಳಿಬಿಡುತ್ತದೆ. ನಿಜವಾದ ಪಂದ್ಯದಲ್ಲಿ ಯಾರೂ ಹಾಗೆ ಸುಳಿವು ಕೊಡುವುದಿಲ್ಲ. ಆದ್ದರಿಂದ ಮೊದಲ ಸಲ ಕ್ರಮವಾಗಿ ಬಿಡಿಸಿ, ಎರಡನೆಯ ಸಲ ಕಣ್ಣಿಗೆ ಬಿದ್ದ ಪುಟ ತೆರೆದು, ಶೀರ್ಷಿಕೆ ಮುಚ್ಚಿ ಬಿಡಿಸಿ. ಎದುರಾಳಿಯ ಅತ್ಯುತ್ತಮ ಉತ್ತರವನ್ನೂ ಸೇರಿಸಿ ಕೊನೆಯವರೆಗೆ ಬರೆದಿಟ್ಟ ಮೇಲಷ್ಟೇ ಪುಸ್ತಕದ ಕೊನೆಯಲ್ಲಿರುವ ಉತ್ತರ ನೋಡಿ.

ನಮಸ್ಕಾರ.