ಬಂದದ್ದನ್ನು ಬಂದ ಹಾಗೇ ದಾಟಿಸುವ ಸ್ಕ್ರಿಪ್ಟ್

ಎಲ್ಲರಿಗೂ ನಮಸ್ಕಾರ.

ಒಂದೇ ಕಮಾಂಡನ್ನು ಅವೇ ಆಯ್ಕೆಗಳ ಜೊತೆ ದಿನವೂ ಟೈಪ್ ಮಾಡಿ ಬೇಜಾರಾದಾಗ ಅದನ್ನೊಂದು ಪುಟ್ಟ ಶೆಲ್ ಸ್ಕ್ರಿಪ್ಟ್‌ಗೆ ಹಾಕಿಬಿಡುತ್ತೇವೆ, ಅಲ್ವಾ? ಅದೇ ರ‍್ಯಾಪರ್. ಅದರಿಂದ ನಾನು ಕೇಳುವುದು ಇಷ್ಟೇ: ನಡುವೆ ಒಬ್ಬರು ನಿಂತಿದ್ದಾರೆ ಅಂತ ಒಳಗಿನ ಪ್ರೋಗ್ರಾಂಗೆ ಗೊತ್ತೇ ಆಗಬಾರದು.

ಮೊದಲು ಆರ್ಗ್ಯುಮೆಂಟ್, ಅಂದರೆ ಕಮಾಂಡಿನ ಹೆಸರಿನ ನಂತರ ಕೊಡುವ ಫೈಲ್ ಹೆಸರು, ಆಯ್ಕೆ ಇತ್ಯಾದಿ ನೋಡೋಣ. ಫೈಲಿನ ಹೆಸರು ‘ನನ್ನ ವರದಿ’ ಅಂದುಕೊಳ್ಳಿ, ನಡುವೆ ಒಂದು ಸ್ಪೇಸ್ ಇದೆ. ಸ್ಕ್ರಿಪ್ಟ್‌ನಲ್ಲಿ ಬರೀ $* (‘ಬಂದ ಎಲ್ಲ ಆರ್ಗ್ಯುಮೆಂಟುಗಳು’ ಎಂಬ ಗುರುತು) ಇದ್ದರೆ ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಅದನ್ನು ಎರಡು ತುಂಡು ಮಾಡುತ್ತದೆ. ಇಲ್ಲದ ಎರಡು ಫೈಲುಗಳನ್ನು ಪ್ರೋಗ್ರಾಂ ಹುಡುಕುತ್ತದೆ. ಕೋಟ್ ಹಾಕಿ "$*" ಅಂದರೆ ಎಲ್ಲ ಆರ್ಗ್ಯುಮೆಂಟುಗಳೂ ಅಂಟಿಕೊಂಡು ಒಂದಾಗುತ್ತವೆ. ಸರಿಯಾದದ್ದು "$@". ಎಷ್ಟು ಬಂದವೋ ಅಷ್ಟೇ ಹೋಗುತ್ತವೆ, ಖಾಲಿ ಆರ್ಗ್ಯುಮೆಂಟ್ ಕೂಡ ಕಳೆದುಹೋಗುವುದಿಲ್ಲ. ಆ ಕೋಟ್ ಬಿಟ್ಟರೆ ಮತ್ತೆ ಅದೇ ಕಥೆ. ದಯವಿಟ್ಟು ಬಿಡಬೇಡಿ.

ಇನ್ನು ಪೈಪ್, ಅಂದರೆ ಒಂದು ಪ್ರೋಗ್ರಾಂ ಕೊಟ್ಟದ್ದನ್ನು ನೇರ ಇನ್ನೊಂದಕ್ಕೆ ದಾಟಿಸುವ ದಾರಿ. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಬಹಳ ಕಾಲ ಒತ್ತಾಯಿಸಿದ ಮೇಲೆ 1973ರಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಇದನ್ನು ಯೂನಿಕ್ಸ್‌ಗೆ ಸೇರಿಸಿದರು. ಇಲ್ಲಿ ತುಂಬಾ ಜನ ಬೇಡದ ಕೆಲಸ ಮಾಡುತ್ತಾರೆ. ಪೈಪಿನಿಂದ ಬಂದದ್ದನ್ನೆಲ್ಲ ಒಂದು ವೇರಿಯಬಲ್‌ಗೆ ತುಂಬಿ, ಆಮೇಲೆ ಒಳಗೆ ಕಳಿಸುತ್ತಾರೆ. ಹಾಗೆ ಮಾಡಿದರೆ ಕೊನೆಯ ಖಾಲಿ ಸಾಲುಗಳು ಮಾಯವಾಗುತ್ತವೆ. ಪೂರ್ತಿ ಬರುವವರೆಗೆ ಸುಮ್ನೆ ಕಾಯಬೇಕಾಗುತ್ತದೆ. ಅದರ ಅಗತ್ಯವೇ ಇಲ್ಲ. ಸ್ಕ್ರಿಪ್ಟಿನ ಸ್ಟ್ಯಾಂಡರ್ಡ್ ಇನ್‌ಪುಟ್ (ಕೀಬೋರ್ಡಿನಿಂದಲೋ ಪೈಪಿನಿಂದಲೋ ಡೇಟಾ ಒಳಬರುವ ದಾರಿ) ಅದು ಶುರು ಮಾಡುವ ಪ್ರೋಗ್ರಾಂಗೆ ತಾನಾಗಿಯೇ ಸಿಗುತ್ತದೆ. ನೀವು ಮುಟ್ಟದಿದ್ದರೆ ಸಾಕು.

ಆದರೆ ನೀವು ಮುಟ್ಟದಿದ್ದರೂ ಬೇರೆ ಯಾರಾದರೂ ಮುಟ್ಟಬಹುದು. ಮುಖ್ಯ ಪ್ರೋಗ್ರಾಂಗೂ ಮೊದಲು ಸ್ಕ್ರಿಪ್ಟ್ ದೂರದ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸುವ ಒಂದು ಎಸ್ಎಸ್ಎಚ್ ಕಮಾಂಡ್ ಓಡಿಸುತ್ತದೆ ಅನ್ನಿ. ಅದಕ್ಕೂ ಅದೇ ಇನ್‌ಪುಟ್ ಸಿಗುತ್ತದೆ, ಅದು ಓದಿ ಮುಗಿಸಿಬಿಡುತ್ತದೆ. ಮುಖ್ಯ ಪ್ರೋಗ್ರಾಂಗೆ ಏನೂ ಉಳಿಯುವುದಿಲ್ಲ, ಎಷ್ಟೋ ಸಲ ಎರರ್ ಸಂದೇಶವೂ ಇರುವುದಿಲ್ಲ. ಹುಡುಕಲು ಇದಕ್ಕಿಂತ ಕಷ್ಟದ ತಪ್ಪು ರ‍್ಯಾಪರ್‌ಗಳಲ್ಲಿ ಕಡಿಮೆ. ಅಂಥ ಕಮಾಂಡಿನ ಇನ್‌ಪುಟ್ಟನ್ನು ಓದಲು ಏನೂ ಇಲ್ಲದ ಡೆವ್ ನಲ್ (/dev/null) ಕಡೆ ತಿರುಗಿಸಿ.

‘ಪೈಪ್ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?’ ಅಂತ ಕೇಳುತ್ತಾರೆ. ಇನ್‌ಪುಟ್ ಟರ್ಮಿನಲ್ (ನೀವು ಟೈಪ್ ಮಾಡುವ ಕಿಟಕಿ) ಹೌದೋ ಅಲ್ಲವೋ ಅಂತ ಟೆಸ್ಟ್ ಕಮಾಂಡ್ ಹೇಳುತ್ತದೆ. ಆದರೆ ಟರ್ಮಿನಲ್ ಅಲ್ಲ ಅಂದಮಾತ್ರಕ್ಕೆ ಪೈಪ್ ಅಂತ ಅಲ್ಲ. ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಓಡುವಾಗ ಟರ್ಮಿನಲ್ಲೂ ಇರುವುದಿಲ್ಲ, ನೀವು ಕೊಟ್ಟ ಪೈಪೂ ಇರುವುದಿಲ್ಲ. ಊಹೆ ಬೇಡ. ಫೈಲ್ ಹೆಸರು ಕೊಟ್ಟಿದ್ದರೆ ಫೈಲ್, ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್. ಕ್ಯಾಟ್, ಸಾರ್ಟ್ ಕಮಾಂಡುಗಳೆಲ್ಲ ನಡೆಯುವುದು ಹೀಗೇ.

ಕೊನೆಯ ಸಾಲಿನಲ್ಲಿ ಪ್ರೋಗ್ರಾಂ ಹೆಸರಿಗಿಂತ ಮೊದಲು ಎಕ್ಸೆಕ್ (exec) ಹಾಕಿ. ಆಗ ಶೆಲ್ ತನ್ನ ಜಾಗವನ್ನು ಆ ಪ್ರೋಗ್ರಾಂಗೆ ಬಿಟ್ಟುಕೊಡುತ್ತದೆ. ‘ನಿಲ್ಲಿಸು’ ಎನ್ನುವಂಥ ಸಿಗ್ನಲ್ ನೇರ ಪ್ರೋಗ್ರಾಂಗೆ ಮುಟ್ಟುತ್ತದೆ, ಕೆಲಸ ಸರಿಯಾಯಿತೋ ಇಲ್ಲವೋ ಹೇಳುವ ಎಕ್ಸಿಟ್ ಕೋಡ್ ನೇರ ಕರೆದವರಿಗೆ ಸಿಗುತ್ತದೆ. ತಾತ್ಕಾಲಿಕ ಫೈಲ್ ಅಳಿಸುವಂಥ ಕೆಲಸ ಬಾಕಿ ಇದ್ದರೆ ಮಾತ್ರ ಎಕ್ಸೆಕ್ ಬೇಡ, ಅದರ ನಂತರದ ಸಾಲುಗಳು ಓಡುವುದೇ ಇಲ್ಲ. ಆಗ ಪ್ರೋಗ್ರಾಂ ಮುಗಿದ ತಕ್ಷಣ ಅದರ ಎಕ್ಸಿಟ್ ಕೋಡ್ ಇರುವ $? ಎತ್ತಿಟ್ಟುಕೊಳ್ಳಿ, ಫೈಲ್ ಅಳಿಸಿ, ಅದೇ ಕೋಡ್ ಕೊಟ್ಟು ಹೊರಬನ್ನಿ.