ಬಂಡೆಯ ಮೇಲಿನ ಕತ್ತಾಳೆ: ವಹಾಕಾದ ತೆಪೆಸ್ತಾತೆ ಮೆಸ್ಕಾಲ್

ಈಗ ನೀವು ನೋಡುತ್ತಿರುವುದು ಮೆಕ್ಸಿಕೊದ ದಕ್ಷಿಣ ಭಾಗದಲ್ಲಿರುವ ವಹಾಕಾ ರಾಜ್ಯದ ಒಂದು ಗುಡ್ಡ. ಕ್ಯಾಮೆರಾವನ್ನು ಸ್ವಲ್ಪ ಹತ್ತಿರಕ್ಕೆ ತರುತ್ತೇನೆ. ಬಂಡೆ ಸೀಳಿದ ಕಡೆ, ಒಂದು ಬೊಗಸೆ ಮಣ್ಣೂ ನಿಲ್ಲದಂಥ ಜಾಗದಲ್ಲಿ, ಅಗಲವಾದ ಎಲೆಗಳನ್ನು ಅಡ್ಡಾದಿಡ್ಡಿ ತಿರುಚಿಕೊಂಡು ಕುಳಿತಿರುವ ಆ ಗಿಡವನ್ನು ಇಲ್ಲಿಯವರು ತೆಪೆಸ್ತಾತೆ ಎನ್ನುತ್ತಾರೆ. ಬೂದುಹಸಿರು ಎಲೆಯ ಮೇಲೆ ಅಮೃತಶಿಲೆಯಲ್ಲಿರುವಂಥ ಮಾಸಲು ಪಟ್ಟೆಗಳಿವೆ. ಇದಕ್ಕೆ ಅಗಾವೆ ಮಾರ್ಮೊರಾಟಾ ಎಂಬ ಶಾಸ್ತ್ರೀಯ ಹೆಸರು ಬಂದದ್ದು ಆ ಪಟ್ಟೆಗಳಿಂದಲೇ. ನಮ್ಮ ಕಡೆ ಹೊಲದ ಬೇಲಿಗೆ ನೆಟ್ಟು, ಎಲೆಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ ಹೊಸೆಯುವ ಕತ್ತಾಳೆಯ ದಾಯಾದಿ ಇದು. ನಮ್ಮ ಕತ್ತಾಳೆಯೂ ಅಮೆರಿಕ ಖಂಡದಿಂದಲೇ ಬಂದದ್ದಾದ್ದರಿಂದ, ಈ ಗುಡ್ಡ ಹತ್ತುವಾಗ ಸೊಸೆಯ ತವರುಮನೆಗೆ ಮೊದಲ ಸಲ ಬಂದಂತೆ ಅನ್ನಿಸಿತು.

ನನ್ನನ್ನು ಇಲ್ಲಿಗೆ ಕರೆತಂದ ಹಿರಿಯರು ತಲೆಮಾರುಗಳಿಂದ ಮೆಸ್ಕಾಲ್ ಎಂಬ ಕತ್ತಾಳೆಯ ಮದ್ಯವನ್ನು ಇಳಿಸುವ ಮನೆತನದವರು. ಗಿಡದ ವಯಸ್ಸು ಎಷ್ಟೆಂದು ಕೇಳಿದಾಗ ಅವರು ವರ್ಷದ ಲೆಕ್ಕ ಹೇಳಲಿಲ್ಲ. ತಮ್ಮ ಮಗಳು ಶಾಲೆಗೆ ಸೇರಿದ ವರ್ಷ ಇದು ಅಂಗೈ ಅಗಲವಿತ್ತು, ಈಗ ಆ ಮಗಳ ಮಗ ಶಾಲೆಗೆ ಹೋಗುತ್ತಿದ್ದಾನೆ ಎಂದಷ್ಟೇ ಹೇಳಿದರು. ಮೆಸ್ಕಾಲ್‌ಗೆ ಅತಿ ಹೆಚ್ಚಾಗಿ ಬಳಸುವ ಎಸ್ಪಾದಿನ್ ಎಂಬ ಬೇಸಾಯದ ಕತ್ತಾಳೆ ಸಾಮಾನ್ಯವಾಗಿ 6ರಿಂದ 8 ವರ್ಷಗಳಲ್ಲಿ ಬಲಿಯುತ್ತದೆ. ತೆಪೆಸ್ತಾತೆಗೆ 15 ವರ್ಷ ಸಾಲದು. 25 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು.

ಮೆಸ್ಕಾಲ್ ಎಂಬ ಪದ ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯದು, ಬೇಯಿಸಿದ ಕತ್ತಾಳೆ ಎಂದು ಅದರ ಅರ್ಥ. 1994ರಲ್ಲಿ ಮೆಕ್ಸಿಕೊ ಸರ್ಕಾರ ಈ ಹೆಸರಿಗೆ ಮೂಲಸ್ಥಾನದ ರಕ್ಷಣೆ ನೀಡಿತು, ಅಂದರೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾಡಿದ್ದಕ್ಕೆ ಮಾತ್ರ ಈ ಹೆಸರು. ಟೆಕೀಲಾ ಕೂಡ ಕತ್ತಾಳೆಯದೇ ಮದ್ಯವಾದರೂ ಅದನ್ನು ನೀಲಿ ಕತ್ತಾಳೆಯೆಂಬ ಒಂದೇ ಜಾತಿಯಿಂದ ಮಾಡಬೇಕು. ಮೆಸ್ಕಾಲ್‌ಗೆ ಅಂಥ ಕಟ್ಟಿಲ್ಲ, ಹತ್ತಾರು ಜಾತಿಗಳು ಬಳಕೆಯಲ್ಲಿವೆ.

ಈ ಗಿಡ ಇಷ್ಟು ನಿಧಾನ ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕತ್ತಾಳೆ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಹೂ ಬಿಟ್ಟ ಮೇಲೆ ಒಣಗಿ ಸಾಯುತ್ತದೆ. ಆ ಒಂದು ಹೂಗಂಬಕ್ಕಾಗಿ ಅದು ಉದ್ದಕ್ಕೂ ಎಲೆಗಳ ನಡುವಿನ ಬೊಡ್ಡೆಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಗಳನ್ನು ಕೂಡಿಡುತ್ತದೆ. ಮಳೆ ಕಡಿಮೆ, ಮಣ್ಣು ಕಡಿಮೆ ಇರುವ ಬಂಡೆಯ ಸಂದಿಯಲ್ಲಿ ಈ ಕೂಡಿಕೆ ಪೈಸೆಪೈಸೆಯಾಗಿ ಆಗುತ್ತದೆ. ಮೆಸ್ಕಾಲ್ ಮಾಡುವವರಿಗೆ ಬೇಕಾಗಿರುವುದೂ ಅದೇ ಸಕ್ಕರೆ. ಗಿಡ ಅದನ್ನು ಹೂವಿಗೆ ಖರ್ಚು ಮಾಡುವ ಮೊದಲೇ ಅವರು ಅದನ್ನು ತೆಗೆದುಕೊಳ್ಳಬೇಕು. ಹೂಗಂಬ ಮೂಡಿದ ಕೂಡಲೇ ಅದರ ತಲೆಯನ್ನು ಕಡಿದು, ಗಿಡವನ್ನು ಕೆಲವು ತಿಂಗಳು ಹಾಗೆಯೇ ನಿಲ್ಲಿಸಿ, ಸಕ್ಕರೆ ಬೊಡ್ಡೆಯಲ್ಲಿಯೇ ಗಟ್ಟಿಯಾಗಲು ಬಿಡುವ ಪದ್ಧತಿಯಿದೆ. ಹಾಗೆ ನಿಲ್ಲಿಸಿದ ಗಿಡಕ್ಕೆ ಕಪೋನ್ ಎಂದು ಹೆಸರು. ಬೀಜ ಒಡೆದ ಹುಂಜಕ್ಕೂ ಸ್ಪ್ಯಾನಿಷ್‌ನಲ್ಲಿ ಅದೇ ಹೆಸರು.

ಇಕ್ಕಟ್ಟು ಇರುವುದು ಇಲ್ಲಿಯೇ. ಎಸ್ಪಾದಿನ್ ತನ್ನ ಬುಡದಲ್ಲಿ, ಬಾಳೆಯ ಕಂದುಗಳಂತೆ, ಮರಿಗಳನ್ನು ಬಿಡುತ್ತದೆ. ತಾಯಿಯನ್ನು ಕಡಿದರೂ ಸಂತತಿ ಮುಂದುವರಿಯುತ್ತದೆ. ತೆಪೆಸ್ತಾತೆ ಬಹುಮಟ್ಟಿಗೆ ಬೀಜವನ್ನೇ ನಂಬಿದ ಗಿಡ. ಹೂವಿಗೆ ಮೊದಲೇ ಕಡಿದರೆ ಬೀಜವಿಲ್ಲ, ಇರುಳಿನಲ್ಲಿ ಹೂವಿನ ಮಕರಂದಕ್ಕೆ ಬರುವ ಉದ್ದಮೂತಿಯ ಬಾವಲಿಗೆ ಆಹಾರವೂ ಇಲ್ಲ. ಬಾಟಲಿಯೊಂದರ ಮೇಲೆ ‘ಕಾಡು ಕತ್ತಾಳೆ’ ಎಂದು ಬರೆದಿದ್ದರೆ ಕೊಳ್ಳುವವರ ಕಣ್ಣು ಅರಳುತ್ತದೆ. ನನಗಂತೂ ಈ ಗುಡ್ಡ ಕಂಡ ಮೇಲೆ, ಕಡಿದ ಗಿಡದ ಜಾಗದಲ್ಲಿ ಬೇರೊಂದು ಬಂದಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡದ ಆ ಮಾತು ಬರೀ ಬೆಲೆ ಏರಿಸುವ ಮಾತಾಗಿ ಕಾಣುತ್ತದೆ.

ಗುಡ್ಡದಿಂದ ಬೊಡ್ಡೆ ಇಳಿಸುವ ದೃಶ್ಯವನ್ನು ನಾನು ಪೂರ್ತಿ ಚಿತ್ರೀಕರಿಸಲಿಲ್ಲ, ಏಕೆಂದರೆ ಅರ್ಧ ಹೊತ್ತು ನಾನೇ ಕೈಕಾಲು ಊರಿಕೊಂಡು ಇಳಿಯುತ್ತಿದ್ದೆ. ಹಾರೆಯಿಂದ ಬುಡ ಮೀಟಿ, ಮಚ್ಚಿನಿಂದ ಎಲೆಗಳನ್ನು ಸವರಿದರೆ ಉಳಿಯುವುದು ಅನಾನಸನ್ನು ಹೋಲುವ ಗುಂಡು; ಅದಕ್ಕೆ ಇಲ್ಲಿ ಪಿನ್ಯಾ, ಅಂದರೆ ಅನಾನಸು ಎಂದೇ ಹೆಸರು. ಹಸಿ ಎಲೆಯ ರಸ ತಗುಲಿ ನನ್ನ ಮುಂಗೈಯೆಲ್ಲ ತುರಿಸಿತು. ಕತ್ತಾಳೆ ನಾರು ತೆಗೆದವರಿಗೆ ಆ ತುರಿಕೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಮೆಸ್ಕಾಲ್ ಮಾಡುವ ಜಾಗಕ್ಕೆ ವಹಾಕಾದಲ್ಲಿ ಪಲೆಂಕೆ ಎನ್ನುತ್ತಾರೆ. ಕಾರ್ಖಾನೆ ಎಂದರೆ ತಪ್ಪಾಗುತ್ತದೆ. ಆಲೆಮನೆ ಎಂದರೆ ನಿಮಗೆ ಸರಿಯಾದ ಚಿತ್ರ ಸಿಗುತ್ತದೆ. ಮೇಲೆ ಒಂದು ಮಾಡು, ಕೆಳಗೆ ಗಾಣ, ಪಕ್ಕದಲ್ಲಿ ಒಲೆ, ಸುತ್ತ ಹಿಪ್ಪೆಯ ರಾಶಿ. ನೆಲದಲ್ಲಿ ತೋಡಿದ ಆಲಿಕೆಯಾಕಾರದ ಕುಳಿಯಲ್ಲಿ ಕಟ್ಟಿಗೆ ಉರಿಸಿ, ಮೇಲೆ ಪೇರಿಸಿದ ಕಲ್ಲುಗಳು ಕೆಂಪಗೆ ಕಾದ ನಂತರ, ಒದ್ದೆ ಹಿಪ್ಪೆಯನ್ನು ಹಾಸಿ, ಸೀಳಿದ ಬೊಡ್ಡೆಗಳನ್ನು ಗುಡ್ಡೆಯಾಗಿ ಒಟ್ಟಿ, ಚಾಪೆ ಹೊದಿಸಿ, ಮೇಲೆ ಮಣ್ಣು ಮುಚ್ಚುತ್ತಾರೆ. ಮೂರು ನಾಲ್ಕು ದಿನ ಹಾಗೆಯೇ ಬೇಯಬೇಕು. ಫ್ರಕ್ಟಾನ್ ಸರಪಳಿಗಳು ಒಡೆದು ಸಿಹಿ ಸಕ್ಕರೆಯಾಗುವುದು ಈ ಮಣ್ಣಿನ ಹೊಟ್ಟೆಯಲ್ಲಿ. ಮೆಸ್ಕಾಲ್‌ಗೆ ಹೊಗೆಯ ಘಮ ಹತ್ತುವುದೂ ಇಲ್ಲಿಯೇ. ಕುಳಿ ತೆರೆದಾಗ ಕಂದುಬಣ್ಣಕ್ಕೆ ತಿರುಗಿದ ಒಂದು ಎಳೆಯನ್ನು ಹಿರಿಯರು ನನ್ನ ಕೈಗಿಟ್ಟರು. ಕಬ್ಬಿನಂತೆ ಅಗಿದು ನಾರು ಉಗುಳಬೇಕು. ತಳ ಹತ್ತಿದ ಬೆಲ್ಲದ ರುಚಿಯಿತ್ತು.

ಬೆಂದದ್ದನ್ನು ತಾವೋನಾ ಎಂಬ ದೊಡ್ಡ ಕಲ್ಲುಗಾಲಿಯ ಕೆಳಗೆ ಅರೆಯುತ್ತಾರೆ. ಕಣದ ನಡುವಿನ ಗೂಟಕ್ಕೆ ಕಟ್ಟಿದ ಆ ಕಲ್ಲನ್ನು ಕುದುರೆಯೊಂದು ಸುತ್ತಿಸುತ್ತದೆ. ಎತ್ತಿನ ಗಾಣ ನೋಡಿದವರಿಗೆ ವಿವರಣೆ ಬೇಡ. ಅರೆದ ಹಿಪ್ಪೆ ಮತ್ತು ರಸವನ್ನು ಮರದ ತೊಟ್ಟಿಗೆ ಹಾಕಿ ನೀರು ಬೆರೆಸಿದ ಮೇಲೆ ಮನುಷ್ಯರು ಮಾಡುವುದು ಹೆಚ್ಚೇನೂ ಇಲ್ಲ. ಈಸ್ಟ್ ಹೊರಗಿನಿಂದ ತಂದು ಹಾಕುವುದಿಲ್ಲ. ಗಾಳಿಯಲ್ಲಿ, ಮರದ ಹಲಗೆಯಲ್ಲಿ ಇರುವುದೇ ಸಾಕು. ನಮ್ಮಲ್ಲಿ ಕೊಳೆ ಎಂದು ಕರೆಯುವ ಆ ಹುದುಗು ಬಿಸಿಲು ಜೋರಾಗಿದ್ದರೆ ಕೆಲವೇ ದಿನಗಳಲ್ಲಿ, ಚಳಿಯಿದ್ದರೆ ಇನ್ನಷ್ಟು ದಿನಗಳಲ್ಲಿ ಹದಕ್ಕೆ ಬರುತ್ತದೆ. ತೊಟ್ಟಿಯ ಪಕ್ಕದಲ್ಲಿ ನಿಂತು ಕಿವಿಗೊಟ್ಟರೆ ಸಣ್ಣಗೆ ಕುದಿಯುವ ಸದ್ದು ಕೇಳಿಸುತ್ತದೆ. ಮೈಕ್‌ನಲ್ಲಿ ಅದು ಎಷ್ಟು ಸಿಕ್ಕಿದೆಯೋ ನೀವೇ ಕೇಳಿ.

ಭಟ್ಟಿ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಮೆಸ್ಕಾಲ್ ಕೂಡ ಬಹುಕಾಲ ಬಡವರ ಕುಡಿತವೆಂದೇ ಎನಿಸಿಕೊಂಡು, ಪಟ್ಟಣದವರು ಮೂಗು ಮುರಿಯುತ್ತಿದ್ದ ಮದ್ಯ. ಈ ಪಲೆಂಕೆಯಲ್ಲಿ ತಾಮ್ರದ ಹಂಡೆಯಿದೆ. ಸಾಂತಾ ಕತರೀನಾ ಮೀನಾಸ್ ಎಂಬ ಊರು ಮಣ್ಣಿನ ಮಡಕೆಗಳಲ್ಲಿ ಇಳಿಸುವುದಕ್ಕೆ ಪ್ರಸಿದ್ಧ. ಭಟ್ಟಿಯ ವಿದ್ಯೆ ಈ ನೆಲಕ್ಕೆ ಬಂದದ್ದು ಹೇಗೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸ್ಪೇನಿನವರು ತಂದ ಅರಬ್ಬರ ಹಂಡೆ ಒಂದು ದಾರಿಯಾದರೆ, ಮನಿಲಾದಿಂದ ಬಂದ ಹಡಗುಗಳಲ್ಲಿ ಫಿಲಿಪೀನ್ಸ್‌ನ ಜನ ತಂದ, ತೆಂಗಿನ ಕಳ್ಳನ್ನು ಭಟ್ಟಿ ಇಳಿಸುವ ಕೈಚಳಕ ಇನ್ನೊಂದು ದಾರಿ ಎಂದು ಹಲವರು ಹೇಳುತ್ತಾರೆ. ಕರಾವಳಿಯವನಾದ ನನಗೆ ಎರಡನೆಯದೇ ಹೆಚ್ಚು ಇಷ್ಟವಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಎರಡು ಸಲ ಇಳಿಸುತ್ತಾರೆ. ಎರಡನೆಯ ಸಲ ಮೊದಲು ಬರುವ ಖಾರವಾದ ಪಾಲನ್ನೂ ಕೊನೆಗೆ ಬರುವ ಸಪ್ಪೆ ಪಾಲನ್ನೂ ಬೇರೆ ಮಾಡಿ, ನಡುವಿನದನ್ನು ಇಟ್ಟುಕೊಳ್ಳಬೇಕು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಹಿರಿಯರು ಜೊಂಡಿನ ಕೊಳವೆಯೊಂದರಲ್ಲಿ ಸ್ವಲ್ಪ ಹೀರಿ, ಸೋರೆಬುರುಡೆಯ ಬಟ್ಟಲಿಗೆ ಎತ್ತರದಿಂದ ಬಿಟ್ಟರು. ಮೇಲೆ ಮುತ್ತಿನಂಥ ಗುಳ್ಳೆಗಳು ಎದ್ದು ಬಟ್ಟಲಿನ ಅಂಚಿಗೆ ಸಾಲುಗಟ್ಟಿದವು. ಆಲ್ಕೋಹಾಲ್ ಶೇ. 50ರ ಆಸುಪಾಸಿನಲ್ಲಿದ್ದರೆ ಗುಳ್ಳೆಗಳು ತಡೆದು ನಿಲ್ಲುತ್ತವೆ. ತೀರಾ ಹೆಚ್ಚಾದರೂ ತೀರಾ ಕಡಿಮೆಯಾದರೂ ಬೇಗ ಒಡೆಯುತ್ತವೆ. ಅವರ ಕಣ್ಣಿಗೆ ಇದಕ್ಕಿಂತ ಬೇರೆ ಮಾಪಕ ಬೇಕಿರಲಿಲ್ಲ.

ನನಗೆ ಕೊಟ್ಟದ್ದು ಎರಡು ಗುಟುಕು. ಮೊದಲು ಮೂಗಿಗೆ ಬಂದದ್ದು ಹೊಗೆಯಲ್ಲ, ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ. ಆಮೇಲೆ ಜಜ್ಜಿದ ಸೊಪ್ಪಿನ ಒಗರು, ಕೊನೆಯಲ್ಲಿ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಘಮ. ಹೊಗೆಯೇ ಮೆಸ್ಕಾಲ್‌ನ ಗುಣವೆಂದು ನಂಬಿದ್ದ ನಾನು ಅಲ್ಲಿಯೇ ತಿದ್ದಿಕೊಂಡೆ. ಗಿಡದ ಗುಣವನ್ನು ಹೊಗೆ ಮುಚ್ಚಿಹಾಕದಂತೆ ಬೇಯಿಸುವುದೇ ಇಲ್ಲಿಯವರ ಕಸುಬುಗಾರಿಕೆ.

ಲೇಬಲ್‌ನ ಬಗ್ಗೆ ಒಂದು ಮಾತು. ಮೆಕ್ಸಿಕೊದ 2016ರ ಅಧಿಕೃತ ಮಾನದಂಡದಲ್ಲಿ ಮೂರು ವರ್ಗಗಳಿವೆ: ಬರೀ ಮೆಸ್ಕಾಲ್, ಆರ್ತೆಸನಾಲ್ (ಕುಶಲಕರ್ಮಿಗಳದು), ಆನ್ಸೆಸ್ತ್ರಾಲ್ (ಪೂರ್ವಿಕರ ಪದ್ಧತಿಯದು). ಆರ್ತೆಸನಾಲ್ ಎಂದರೆ ಎಲ್ಲವೂ ಕೈಕೆಲಸ ಎಂದು ಭಾವಿಸಬೇಡಿ, ಅರೆಯಲು ಯಂತ್ರ ಬಳಸುವುದಕ್ಕೆ ಅದರಲ್ಲಿ ಅವಕಾಶವಿದೆ. ಮೂರನೆಯ ವರ್ಗದಲ್ಲಿ ಮಾತ್ರ ಮಣ್ಣಿನ ಮಡಕೆಯಲ್ಲಿಯೇ ಇಳಿಸಬೇಕು. ಆದರೆ ಗಿಡ ಎಷ್ಟು ವರ್ಷದ್ದು, ಅದರ ಜಾಗದಲ್ಲಿ ಏನು ನೆಟ್ಟಿರಿ ಎಂದು ಈ ವರ್ಗಗಳಾವುವೂ ಕೇಳುವುದಿಲ್ಲ. 2011ರಲ್ಲಿ ಪ್ರಮಾಣೀಕೃತ ಮೆಸ್ಕಾಲ್ ಉತ್ಪಾದನೆ ಸುಮಾರು 10 ಲಕ್ಷ ಲೀಟರ್ ಇದ್ದದ್ದು 2022ರಲ್ಲಿ ಸುಮಾರು 1 ಕೋಟಿ 40 ಲಕ್ಷ ಲೀಟರ್ ಮುಟ್ಟಿತು. 2011ರಲ್ಲಿ ಮೊಳೆತ ತೆಪೆಸ್ತಾತೆ ಆ 11 ವರ್ಷಗಳಲ್ಲಿ ಅರ್ಧ ವಯಸ್ಸಿಗೂ ಬಂದಿರಲಿಲ್ಲ. ಬಾವಲಿಗಳ ಅಧ್ಯಯನದಲ್ಲಿ ಹೆಸರಾದ ಮೆಕ್ಸಿಕೊದ ವಿಜ್ಞಾನಿ ರೊದ್ರೀಗೊ ಮೆದೆಯಿನ್ ಮತ್ತು ಅವರ ಸಂಗಡಿಗರು, ಬೆಳೆಗಾರರು ನೂರರಲ್ಲಿ ಕನಿಷ್ಠ ಐದು ಕತ್ತಾಳೆಗಳನ್ನಾದರೂ ಹೂವಿಗೆ ಬಿಡಲಿ ಎಂಬ ಕಾರ್ಯಕ್ರಮವನ್ನು ನಡೆಸುತ್ತಿದ್ದಾರೆ.

ಇದು ಹಿರಿಯರ ಮನೆಯ ಹಿತ್ತಲು. ಗುಡ್ಡದಲ್ಲಿ ಕಡಿಯದೆ ಬಿಟ್ಟ ಗಿಡಗಳಿಂದ ತಂದ ಬೀಜಕೋಶಗಳು ಆ ಮೊರದಲ್ಲಿವೆ. ಕಪ್ಪು ಬೀಜ ಮೊಳೆಯುತ್ತದೆ, ಬಿಳಿಯದು ಜೊಳ್ಳು. ಅವರ ಮೊಮ್ಮಗ ಎರಡನ್ನೂ ಆರಿಸಿ ಬೇರೆ ಮಾಡುತ್ತಿದ್ದಾನೆ. ಪಕ್ಕದ ಪ್ಲಾಸ್ಟಿಕ್ ಚೀಲಗಳಲ್ಲಿರುವ ಸಸಿಗಳಿಗೆ ಎರಡು ವರ್ಷವಾಗಿದೆಯಂತೆ. ಅಳತೆಗಾಗಿ ನನ್ನ ಕಿರುಬೆರಳನ್ನು ಪಕ್ಕದಲ್ಲಿ ಹಿಡಿದಿದ್ದೇನೆ, ನೋಡಿ, ಬೆರಳೇ ಎತ್ತರ.